ನೇಸರಗಿಯಲ್ಲಿ ಕುಳಿತು ನಾದಶಾಸ್ತ್ರ

ಸಂಗೀತವನ್ನು ಕಲಿಯಬೇಕಾದರೆ ಗುರುವಿದ್ದೆಡೆಗೆ ಶಿಷ್ಯನೇ ಹೋಗಬೇಕೆಂಬುದು ನಮ್ಮ ನಾಡಿನ ಹಳೆಯ ಕಟ್ಟಳೆ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಳ್ಳಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲ್ಯದಲ್ಲೇ ಮುಂಬಯಿಗೆ ತೆರಳಿ ದೇವಧರರ ಶಾಲೆಯನ್ನು ಸೇರಿದರು.

ಈಗ ಬೇರೊಂದು ಪ್ರಶ್ನೆ ಎದ್ದಿದೆ. ಬೈಲಹೊಂಗಲ ತಾಲೂಕಿನ ನೇಸರಗಿಯಲ್ಲಿ ಪದವಿ ಮುಗಿಸಿದ ತರುಣನೋ ತರುಣಿಯೋ ಊರು ಬಿಡದೆ, ಅಂತರಜಾಲದ ಮೂಲಕ ಸಂಗೀತ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಹುದೇ? ಧ್ವನಿಯನ್ನು ಮುದ್ರಿಸುವುದು, ಅಳೆಯುವುದು, ವಿಶ್ಲೇಷಿಸುವುದು, ಗಣಕಯಂತ್ರದಿಂದ ಹೊಸ ನಾದವನ್ನು ಸೃಜಿಸುವುದು, ಇವೆಲ್ಲ ಕೂಡಿದ ಶಾಸ್ತ್ರವಿದು. ಅರ್ಧ ಭೌತವಿಜ್ಞಾನ, ಅರ್ಧ ಕಲೆ. ಮಕ್ಕಳನ್ನು ದೂರದ ನಗರದಲ್ಲಿಟ್ಟು ಓದಿಸುವ ವೆಚ್ಚವನ್ನು ನೆನೆದು ಚಿಂತಿಸುವ ತಂದೆತಾಯಿಗಳಿಗೆ ಈ ಪ್ರಶ್ನೆ ಹಗುರವಾದುದಲ್ಲ.

ಮೊದಲು ಆಗದಿರುವುದನ್ನು ಹೇಳಿಬಿಡೋಣ. ನೇಸರಗಿಗೂ ಸ್ಪೇನ್ ದೇಶದ ಬಾರ್ಸಿಲೋನಾಕ್ಕೂ ನೇರ ಅಂತರ ಸುಮಾರು 7,400 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಒಂದು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಹೀಗಾಗಿ ನಮ್ಮ ದನಿ ಅಲ್ಲಿಗೆ ಮುಟ್ಟಲು ಒಂದು ಸೆಕೆಂಡಿನ ಸಾವಿರದ 37 ಭಾಗವಾದರೂ ಬೇಕು. ಮರಳಿ ಬರಲು ಮತ್ತೆ ಅಷ್ಟೇ. ವಾದ್ಯಗಾರರ ನಡುವೆ ಸಾವಿರದ 30 ಭಾಗದಷ್ಟು ವಿಳಂಬವಾದರೂ ಲಯ ಕುಂಟತೊಡಗುತ್ತದೆ. ಇದು ನಿಸರ್ಗದ ನಿಯಮ. ಎಷ್ಟು ಹಣ ತೆತ್ತರೂ ಬದಲಾಗದು. ಆದುದರಿಂದ ಅಷ್ಟು ದೂರದಿಂದ ತಬಲೆಯೊಡನೆ ಕೂಡಿ ಹಾಡುವ ಪಾಠ ಸಾಧ್ಯವಿಲ್ಲ.

ಆದರೆ ಸಂಗೀತ ತಂತ್ರಜ್ಞಾನದ ಮುಖ್ಯ ಸಾಮಗ್ರಿ ಮುದ್ರಿತವಾದ ಧ್ವನಿ. ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಟ್ಟ ನಾದ ಎಷ್ಟು ದೂರ ಹೋದರೂ ಒಂದಂಕಿಯೂ ಮಾಸದೆ ತಲುಪಬಲ್ಲದು. ತಡವಾಗಿ ಬಂದರೂ ಕೆಡುವುದಿಲ್ಲ. ಗಾಯನಕ್ಕಿಲ್ಲದ ಅನುಕೂಲ ಈ ಶಾಸ್ತ್ರಕ್ಕುಂಟು.

ಇದು ಬರಿಯ ಊಹೆಯಲ್ಲ. 2014ರಲ್ಲಿ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಷಾವಿಯೆರ್ ಸೆರ್ರಾ ಅವರೂ ಅಮೆರಿಕದ ಸ್ಟ್ಯಾನ್‌ಫರ್ಡಿನ ಜೂಲಿಯಸ್ ಸ್ಮಿತ್ ಅವರೂ ಕೂಡಿ ಸಂಗೀತದ ಧ್ವನಿ ವಿಶ್ಲೇಷಣೆಯನ್ನು ಕೋರ್ಸೆರಾ ಮೂಲಕ ಜಗತ್ತಿಗೆಲ್ಲ ಬೋಧಿಸಿದರು. 2018ರಲ್ಲಿ ನಾರ್ವೆಯ ಓಸ್ಲೋ ಮತ್ತು ಟ್ರಾಂಡ್‌ಹೈಮ್ ನಗರಗಳ ವಿಶ್ವವಿದ್ಯಾಲಯಗಳು ಒಂದೇ ತರಗತಿಯನ್ನು ಎರಡೂ ಊರುಗಳಲ್ಲಿ ಏಕಕಾಲಕ್ಕೆ ನಡೆಸುವ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿದವು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜು ಸಂಗೀತ ನಿರ್ಮಾಣದ ಸ್ನಾತಕೋತ್ತರ ಪದವಿಯನ್ನು ಅಂತರಜಾಲದ ಮೂಲಕವೇ ಕಲಿಸುತ್ತ ಬಂದಿದೆ.

ಇದೇ ಸೆರ್ರಾ ಅವರು 2011ರಲ್ಲಿ ‘ಕಾಂಪ್‌ಮ್ಯೂಸಿಕ್’ ಎಂಬ ಸಂಶೋಧನೆಯನ್ನು ಕೈಗೊಂಡಿದ್ದರು. ಪಾಶ್ಚಾತ್ಯ ಸಂಗೀತಕ್ಕೆಂದು ಕಟ್ಟಿದ ಸಾಧನಗಳು ಇತರ ಸಂಗೀತಗಳಿಗೆ ಸಾಲವೆಂಬುದೇ ಅದರ ಮೂಲ ವಿಚಾರ. ಹಿಂದೂಸ್ತಾನಿ, ಕರ್ನಾಟಕ ಪದ್ಧತಿಗಳೆರಡೂ ಅದರಲ್ಲಿ ಸೇರಿದ್ದವು. ಒಂದು ಉದಾಹರಣೆ ನೋಡಿ: ಸಪ್ತಕವನ್ನು 12 ಸಮಭಾಗ ಮಾಡಿ ಶ್ರುತಿಗೊಳಿಸಿದ ವಾದ್ಯದಲ್ಲಿ ಷಡ್ಜದಿಂದ ಶುದ್ಧ ಗಾಂಧಾರಕ್ಕೆ 400 ಸೆಂಟುಗಳ ಅಂತರ. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಾದರೋ ಸುಮಾರು 386. ಈ 14 ಸೆಂಟುಗಳನ್ನು ‘ತಪ್ಪು’ ಎಂದು ತಿದ್ದುವ ಯಂತ್ರ ನಮ್ಮ ಗಾಯಕನ ಜೀವಸ್ವರವನ್ನೇ ಅಳಿಸಿಬಿಡುತ್ತದೆ.

ಇಲ್ಲಿಯೇ ನೇಸರಗಿಯ ವಿದ್ಯಾರ್ಥಿಗೆ ನಿಜವಾದ ಭಾಗ್ಯವಿರುವುದು. ಅತ್ತ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯ ಪದಗಳು; ಇತ್ತ ಬೈಲಹೊಂಗಲದ ನೆಲದಲ್ಲಿ ಹುಟ್ಟಿದ ಸಂಗ್ಯಾ-ಬಾಳ್ಯಾ ಸಣ್ಣಾಟ. ತಂತಿಯ ಬಿಗುವು ಬದಲಾದಂತೆ ಸ್ವರ ಜಾರುವ ಚೌಡಿಕೆಯನ್ನು 12 ಮನೆಗಳಲ್ಲಿ ಕೂಡಿಸುವುದೆಂತು? ಆಟದ ಮೇಳದಲ್ಲಿ ಒಬ್ಬನ ದನಿಯನ್ನು ಹಿಮ್ಮೇಳದಿಂದ ಬೇರ್ಪಡಿಸುವುದೆಂತು? ಪ್ರೌಢಪ್ರಬಂಧಕ್ಕೆ ತಕ್ಕ ಪ್ರಶ್ನೆಗಳಿವು. ನಗರಕ್ಕೆ ಹೋದವನು ಇದಕ್ಕಾಗಿ ಮತ್ತೆ ಊರಿಗೆ ಬರಬೇಕು. ಊರಿನಲ್ಲಿದ್ದವನಿಗೆ ಪ್ರಯೋಗಶಾಲೆ ಮನೆಯಂಗಳದಲ್ಲೇ ಇದೆ. ಹಿರಿಯ ಹಾಡುಗಾರರು ಮರೆಯಾಗುವ ಮುನ್ನ ಈ ಕೆಲಸ ನಡೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಚ್ಚರಿಕೆಯ ಮಾತೆರಡು. ಶುಲ್ಕ ಕಟ್ಟುವ ಮುನ್ನ ಆ ಪದವಿಗೆ ಭಾರತದಲ್ಲಿ ಮನ್ನಣೆಯುಂಟೇ ಎಂದು ವಿಚಾರಿಸಿರಿ; ದೂರಶಿಕ್ಷಣಕ್ಕೆ ಅನುಮತಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ ಪ್ರಕಟಿಸುತ್ತದೆ. ಗಣಿತದ ಅಡಿಪಾಯ ಗಟ್ಟಿಯಿಲ್ಲದಿದ್ದರೆ ಮೊದಲು ಅದನ್ನು ಕಲಿಯಿರಿ. ಗಣಕಯಂತ್ರ, ಒಳ್ಳೆಯ ಮೈಕು, ಕಿವಿಗೆ ತೊಡುವ ಹೆಡ್‌ಫೋನು, ಇಷ್ಟಿದ್ದರೆ ಆರಂಭಕ್ಕೆ ಸಾಕು.

ಆದರೂ ಕಿವಿಯನ್ನು ಪಳಗಿಸಲು ಮನುಷ್ಯರೇ ಬೇಕು. ವಾರಕ್ಕೊಮ್ಮೆಯಾದರೂ ಊರಿನ ಭಜನಾ ಮೇಳದಲ್ಲಿ ಕುಳಿತು, ಯಂತ್ರ ತೋರಿಸಿದ ಸ್ವರ ಹಿರಿಯರ ಕಿವಿಗೆ ಒಪ್ಪಿತೇ ಎಂದು ಕೇಳುವ ವಿದ್ಯಾರ್ಥಿಗೆ ದೂರದ ವಿದ್ಯೆಯೂ ದೂರವಾಗಲಾರದು.