ಬ್ರೇಕ್ ಒತ್ತಿದರೆ ಇಂಡಿಕೇಟರ್ ಏಕೆ ಮಿಣುಕುತ್ತದೆ?

ಪ್ರಶ್ನೆ: ಎಂಜಿಬಿಯಂಥ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಉರಿಯುವುದೇಕೆ? ಮನೆಯಲ್ಲೇ ಸರಿಪಡಿಸಬಹುದೇ?

ಬಲ್ಬು ಕೊಳ್ಳಲು ಹೊರಡಬೇಡಿ, ದುಡ್ಡು ದಂಡ. ಇದು ಸಾಮಾನ್ಯವಾಗಿ ಅರ್ಥಿಂಗ್‌ನ ತೊಂದರೆ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂಜಿಬಿಯಲ್ಲೂ ವಿದ್ಯುತ್ತು ವೈರಿನಲ್ಲಿ ಬಲ್ಬಿಗೆ ಬಂದು, ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಮರಳುತ್ತದೆ; ಈ ಮರಳುವ ದಾರಿಯೇ ಅರ್ಥಿಂಗ್. (1967ಕ್ಕೂ ಹಿಂದಿನವುಗಳಲ್ಲಿ ಬಾಡಿಗೆ ಪಾಸಿಟಿವ್, ದಿಕ್ಕು ಉಲ್ಟಾ, ರೋಗ ಅದೇ.) ಹಿಂಬದಿಯ ಬ್ರೇಕ್ ದೀಪ, ಇಂಡಿಕೇಟರ್ ಎರಡೂ ಒಂದೇ ಲ್ಯಾಂಪಿನೊಳಗಿದ್ದು, ಬಾಡಿಗೆ ಸೇರುವ ಜಾಗವೂ ಒಂದೇ. ಅಲ್ಲಿ ತುಕ್ಕು ಹಿಡಿದರೆ ಮರಳುವ ದಾರಿ ಬಂದ್. ಮೋರಿ ಕಟ್ಟಿಕೊಂಡಾಗ ಬಚ್ಚಲಿಗೆ ಸುರಿದ ನೀರು ಅಡುಗೆಮನೆಯ ಸಿಂಕಿನಲ್ಲಿ ಉಕ್ಕುತ್ತದಲ್ಲ, ಹಾಗೆಯೇ ಬ್ರೇಕ್ ದೀಪದ ಕರೆಂಟು ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಅದೇ ಬದಿಯ ಮುಂದಿನ ಇಂಡಿಕೇಟರ್ ಮೂಲಕ ಬಾಡಿ ಸೇರುತ್ತದೆ. ಸಾಲಾಗಿ ಹಲವು ಬಲ್ಬು ದಾಟಬೇಕಾದ್ದರಿಂದ ಎಲ್ಲವೂ ಮಂಕು.

ಮನೆಯಲ್ಲೇ ಪರೀಕ್ಷಿಸಲು, ಒಬ್ಬರಿಂದ ಬ್ರೇಕ್ ಒತ್ತಿಸಿ, ಲ್ಯಾಂಪಿನ ಲೋಹದ ತಳದಿಂದ ಬಾಡಿಯ ಶುಭ್ರವಾದ ಭಾಗಕ್ಕೆ ಒಂದು ತುಂಡು ವೈರು ಮುಟ್ಟಿಸಿ. ಬ್ರೇಕ್ ದೀಪ ಪ್ರಖರವಾದರೆ ಕಳ್ಳ ಸಿಕ್ಕಂತೆ. ಬ್ಯಾಟರಿ ಸಂಪರ್ಕ ಕಳಚಿ, ಸ್ಕ್ರೂ ಬಿಚ್ಚಿ, ಕೆಳಗಿನ ಬಣ್ಣ, ತುಕ್ಕನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಬಿಗಿದ ಮೇಲೆ ತುಸು ವ್ಯಾಸಲೀನ್ ಸವರಿ.