ಪೆಟ್ಟು ತಿಂದ ತಾಮ್ರದ ಪಾಠ

ಪುಣೆ ಕ್ಯಾಂಪ್‌ನಲ್ಲಿದ್ದುಕೊಂಡು ಆಭರಣ ವಿನ್ಯಾಸದ ಪದವಿ ಪ್ರಾಜೆಕ್ಟ್ ಮಾಡ್ತಿದ್ದೀರಾ? ಎಂ.ಜಿ. ರಸ್ತೆಯ ಶೋಕೇಸ್ ನೋಡಿದ್ದು ಸಾಕು, ಕಸಬಾ ಪೇಟೆಯ ತಾಂಬಟ್ ಆಳಿಗೆ ಬನ್ನಿ. ಪೇಶ್ವೆಗಳ ಕಾಲದಿಂದಲೂ ಇದು ತಾಮ್ರ ಕೆಲಸದವರ ಓಣಿ.

ಇಲ್ಲಿನ ತಾಮ್ರದ ಹಂಡೆಯ ಮೈಮೇಲೆ ಸಾಲುಸಾಲಾಗಿರೋ ಸುತ್ತಿಗೆ ಗುರುತು ನೋಡಿ. ಇದು ಬರೀ ಅಂದಕ್ಕಲ್ಲ. ಪೆಟ್ಟು ಬಿದ್ದಷ್ಟೂ ತಾಮ್ರ ಗಟ್ಟಿಯಾಗುತ್ತೆ, ತೆಳು ತಗಡಿಗೂ ಬಲ ಬರುತ್ತೆ. ಆದರೆ ಅತಿಯಾದರೆ ಬಿರುಕು! ಅದಕ್ಕೂ ಮುಂಚೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಮತ್ತೆ ಮೆದುವಾಗುತ್ತೆ.

ಬೆಳ್ಳಿಗೂ ಇದೇ ಗುಣ. ಹಾಗಾಗಿ ಬಳೆ, ಓಲೆಯ ಸ್ಕೆಚ್ ಮುಗಿಸೋ ಮುನ್ನ ಇಲ್ಲಿನ ಕುಶಲಕರ್ಮಿಯೊಬ್ಬರ ಬಳಿ ಒಂದು ತಗಡಿನ ತುಂಡಿನ ಮೇಲೆ ಕೈ ಪಳಗಿಸಿ. ಕಲಿಸಿದ ಕುಶಲಕರ್ಮಿಗೆ ಸರಿಯಾದ ಕೂಲಿ ಕೊಡಿ. ನಿಮ್ಮ ಪ್ರದರ್ಶನದ ಫಲಕದಲ್ಲಿ ಅವರ ಹೆಸರೂ ಇರಲಿ.