ಚಕ್ರಬಡ್ಡಿಗೂ ನಿಲುಕದ ಕಪ್ಪುಕುಳಿ

ಚಕ್ರಬಡ್ಡಿಯ ಲೆಕ್ಕ ಬರುತ್ತದೆಯೇ? ಹಾಗಾದರೆ ವಿಶ್ವದ ದೊಡ್ಡ ಒಗಟೊಂದು ನಿಮಗೂ ಅರ್ಥವಾಗುತ್ತದೆ. ಬಿಇ ಓದುತ್ತಿರುವ ನನ್ನ ತಲೆ ಕೆಡಿಸಿರುವುದೂ ಅದೇ.

ಗ್ಯಾಲಕ್ಸಿಯ ನಡುವಿನ ದೈತ್ಯ ಕಪ್ಪುಕುಳಿ ಅನಿಲವನ್ನು ಸೆಳೆದುಕೊಳ್ಳುವಾಗ ಆ ಅನಿಲ ಕಾದು ಬೆಳಗುತ್ತದೆ. ಅದೇ ಕ್ವೇಸಾರ್. 1963ರಲ್ಲಿ ಮಾರ್ಟೆನ್ ಶ್ಮಿಟ್ ಅವರು 3ಸಿ 273 ಎಂಬ ‘ನಕ್ಷತ್ರ’ದ ಹೈಡ್ರೋಜನ್ ಗೆರೆಗಳು ಸುಮಾರು ಶೇ 16ರಷ್ಟು ಕೆಂಪಿನತ್ತ ಸರಿದಿರುವುದನ್ನು ಗುರುತಿಸಿದರು. ಅದು ನಮ್ಮ ಗ್ಯಾಲಕ್ಸಿಯಿಂದ ಬಹುದೂರದ್ದೆಂದು ತಿಳಿದದ್ದು ಆಗ.

ಇನ್ನೂ ದೂರದವನ್ನು ಹುಡುಕುವುದು ಹೇಗೆ? ದಾರಿಯಲ್ಲಿನ ಹೈಡ್ರೋಜನ್ ಅವುಗಳ ನೇರಳಾತೀತ ಬೆಳಕನ್ನು ನುಂಗುತ್ತದೆ. ಉಳಿದದ್ದು ಹಿಗ್ಗಿ ಅವಕೆಂಪಾಗಿ ನಮ್ಮನ್ನು ತಲುಪುತ್ತದೆ. ಹಾಗಾಗಿ ಅವಕೆಂಪು ಚಿತ್ರದಲ್ಲಷ್ಟೇ ಕಾಣುವ ಚುಕ್ಕಿಗಳನ್ನು ಸೋಸುತ್ತಾರೆ. ಕಂದು ಕುಬ್ಜಗಳೂ ಹಾಗೆಯೇ ಕಾಣುವುದರಿಂದ ರೋಹಿತ ನೋಡಿಯೇ ಖಚಿತಪಡಿಸಬೇಕು.

2021ರಲ್ಲಿ ಪ್ರಕಟವಾದ ಜೆ0313–1806 ಅಂಥದ್ದು. ಮಹಾಸ್ಫೋಟವಾಗಿ 67 ಕೋಟಿ ವರ್ಷಗಳಿಗೇ ಅದರ ಕಪ್ಪುಕುಳಿಗೆ 160 ಕೋಟಿ ಸೂರ್ಯರ ತೂಕ! ಅತಿಯಾಗಿ ನುಂಗಿದರೆ ಹೊಮ್ಮುವ ಬೆಳಕೇ ಅನಿಲವನ್ನು ಹೊರದಬ್ಬುತ್ತದೆ. ಈ ಮಿತಿಯೊಳಗೆ ತೂಕ ಇಮ್ಮಡಿಯಾಗಲು ಸುಮಾರು 3.5 ಕೋಟಿ ವರ್ಷ ಬೇಕು. 100 ಸೂರ್ಯರಿಂದ ಶುರುವಾದರೆ 24 ಸಲ ಇಮ್ಮಡಿಯಾಗಬೇಕು, ಅಂದರೆ 84 ಕೋಟಿ ವರ್ಷ. ಕಾಲವೇ ಸಾಲದು!

ಬೀಜವೇ ದೊಡ್ಡದಿತ್ತೇ? ಮಿತಿ ಮೀರಿ ಉಂಡಿತೇ? ಉತ್ತರ ಇನ್ನೂ ಖಚಿತವಾಗಿಲ್ಲ.

ಮುಂದಿನ ವರ್ಷ ಪ್ಲೇಸ್‌ಮೆಂಟ್. ಮನೆಯವರು ನನ್ನ ಸಂಬಳಕ್ಕೆ ಕಾಯುತ್ತಿದ್ದಾರೆ, ಅದನ್ನು ಬಿಡಲಾರೆ. ಆದರೆ ಸ್ಲೋನ್ ಸಮೀಕ್ಷೆಯ ದತ್ತಾಂಶ ಎಲ್ಲರಿಗೂ ಉಚಿತ. ಕೆಲಸಕ್ಕೆಂದು ಕಲಿತ ಪೈಥಾನ್ ಅದಕ್ಕೂ ಆಗುತ್ತದೆ. ಭಾನುವಾರಗಳನ್ನು ಕ್ವೇಸಾರ್‌ಗಳಿಗೇ ಮೀಸಲಿಟ್ಟಿದ್ದೇನೆ.